ಬಾಯಿಗೆ ಹಿಡಿದ ಕಬ್ಬಿಣ

(ಹಲಗೂರಿನಲ್ಲಿ ಶ್ರಾವಣ ಸೋಮವಾರದ ಸಂಜೆ ದಯಪಾಲಿಸಿದ ಆಶೀರ್ವಚನ)



ಇಂದು ದಾಸೋಹದ ಮಹತ್ವವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನಾವು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆವು. ಆದರೆ ಪ್ರಾರ್ಥನೆಯಾದ ಮೇಲೆ ನಮ್ಮ ಮಠದ ವಿದ್ಯಾರ್ಥಿನಿಲಯದ ಹುಡುಗನೊಬ್ಬ ಇದೇ ವೇದಿಕೆಯ ಮೇಲೆ ಹತ್ತು ನಿಮಿಷ ಒಂದು ವಾದ್ಯವನ್ನು ನುಡಿಸಿದ. ಅವನು ನುಡಿಸುವಾಗ ನಾವು ನಿಮ್ಮ ಮುಖಗಳನ್ನೇ ನೋಡುತ್ತಿದ್ದೆವು. ಹಿಂದೆ ಕುಳಿತವರು ಕತ್ತು ಚಾಚಿ ಚಾಚಿ ನೋಡುತ್ತಿದ್ದಿರಿ. ನಾದ ಕೇಳುತ್ತಿದೆ, ವಾದ್ಯ ಮಾತ್ರ ಕಾಣುತ್ತಿಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರಿಗೆ, "ಬಾಯೊಳ್ಗೆ ದುಂಬಿ ಸೇರ್ಕಂಡದೆ ಕಣಪ್ಪ" ಎಂದದ್ದು ಧ್ವನಿವರ್ಧಕಕ್ಕೂ ಕೇಳಿಸಿತು. ನೀವೆಲ್ಲ ನಕ್ಕಿರಿ, ನಾವೂ ನಕ್ಕೆವು. ಆದರೆ ಆ ಹಿರಿಯರ ಮಾತು ಸುಳ್ಳಲ್ಲ. ಆದುದರಿಂದ ದಾಸೋಹದ ವಿಚಾರವನ್ನು ಮುಂದಿನ ಸೋಮವಾರಕ್ಕೆ ಇಟ್ಟುಕೊಂಡು ಇಂದು ಆ ದುಂಬಿಯ ವಿಚಾರವನ್ನೇ ಹೇಳುತ್ತೇವೆ.

ಆ ವಾದ್ಯದ ಹೆಸರು ಮೋರ್ಚಿಂಗ್. ಮೋರ್ಸಿಂಗ್ ಎಂದೂ ಕರೆಯುವುದುಂಟು. ಇಗೋ, ನಮ್ಮ ಅಂಗೈಯಲ್ಲಿ ಒಂದಿದೆ, ನೋಡಿ. ಇದು ಆ ಹುಡುಗನದಲ್ಲ, ನಮ್ಮದು. ಎರಡು ವರ್ಷಗಳಿಂದ ನಾವು ಇದನ್ನು ಕಲಿಯುತ್ತಿದ್ದೇವೆ. ಕಲಿಸುತ್ತಿರುವವನು ಆ ಹುಡುಗನೇ. ಮಠದಲ್ಲಿ ಅವನು ನಮ್ಮ ಶಿಷ್ಯ. ಈ ಕಬ್ಬಿಣದ ಮುಂದೆ ಕುಳಿತಾಗ ನಾವು ಅವನ ಶಿಷ್ಯರು. ಕಾವಿ ಉಟ್ಟವರು ಹದಿನಾರು ವರ್ಷದ ಹುಡುಗನ ಕೈಕೆಳಗೆ ಕಲಿಯುವುದೇ ಎಂದು ಯಾರಿಗಾದರೂ ಅನ್ನಿಸಬಹುದು. ಅದು ಹೇಗಾಯಿತೆಂಬುದನ್ನು ಆಮೇಲೆ ಹೇಳುತ್ತೇವೆ. ಮೊದಲು ಇದು ಏನೆಂಬುದನ್ನು ತಿಳಿಯೋಣ.

ಒಂದು ಕಬ್ಬಿಣದ ಉಂಗುರ, ಲಾಳದ ಆಕಾರ. ಉಂಗುರದ ಎರಡು ತುದಿಗಳು ಮುಂದಕ್ಕೆ ಚಾಚಿ ಎರಡು ಕಡ್ಡಿಗಳಾಗಿವೆ. ಆ ಕಡ್ಡಿಗಳ ನಡುವೆ ಉಕ್ಕಿನ ತೆಳುವಾದ ಒಂದು ಪಟ್ಟಿ ಇದೆ. ಅದರ ಒಂದು ತುದಿ ಉಂಗುರಕ್ಕೆ ಬಿಗಿದಿದೆ, ಇನ್ನೊಂದು ತುದಿ ಹೊರಗೆ ಬಂದು ಮೇಲಕ್ಕೆ ಬಾಗಿದೆ. ಈ ಪಟ್ಟಿಗೆ ನಾಲಗೆ ಎಂದೇ ಹೆಸರು. ಕಬ್ಬಿಣದ ನಾಲಗೆ! ಎರಡು ಕಡ್ಡಿಗಳ ನಡುವೆ ಅದು ಕೂದಲೆಳೆಯಷ್ಟು ಸಂದಿಯಲ್ಲಿ ಆಡಬೇಕು. ಸಂದಿ ಹೆಚ್ಚಾದರೆ ನಾದ ಸೊರಗುತ್ತದೆ, ಕಡ್ಡಿಗೆ ತಗುಲಿದರೆ ಕರಕರ ಎನ್ನುತ್ತದೆ. ಇಷ್ಟೇ ವಾದ್ಯ. ಇದರಲ್ಲಿ ಬುರುಡೆಯಿಲ್ಲ, ಚರ್ಮವಿಲ್ಲ, ರಂಧ್ರವಿಲ್ಲ. ಕೈಯಲ್ಲಿ ಹಿಡಿದು ಮೀಟಿದರೆ ಪಕ್ಕದವರಿಗೂ ಕೇಳಿಸುವುದಿಲ್ಲ. ಹಲ್ಲಿಗೆ ಒತ್ತಿ ಹಿಡಿದು ಮೀಟಿದರೆ ಸಭೆಗೆಲ್ಲ ಕೇಳಿಸುತ್ತದೆ. ಹಾಗಾದರೆ ವಾದ್ಯ ಯಾವುದು? ಈ ಕಬ್ಬಿಣವೋ, ನಮ್ಮ ಬಾಯೋ? ಕಬ್ಬಿಣ ಅರ್ಧ, ಬಾಯಿ ಅರ್ಧ. ವೀಣೆಗೆ ಬುರುಡೆ ಹೇಗೋ ಇದಕ್ಕೆ ನಮ್ಮ ತಲೆಯೇ ಹಾಗೆ. ಬಸವಣ್ಣನವರು ತಮ್ಮ ಶರೀರವನ್ನೇ ವೀಣೆಯನ್ನಾಗಿ ಮಾಡಿಕೊಂಡು ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿಕೊಂಡ ವಚನ ನಿಮಗೆಲ್ಲ ಬರುತ್ತದೆ. ಆ ವಚನವನ್ನು ನಾವು ಎಷ್ಟೋ ಸಭೆಗಳಲ್ಲಿ ಹೇಳಿ ಅರ್ಥ ಬಿಡಿಸಿದ್ದೆವು. ಅದು ಹಲ್ಲಿಗೆ ತಾಗಿದ್ದು ಮಾತ್ರ ಇದನ್ನು ಹಿಡಿದ ಮೇಲೆ.

ಇದು ಒಂದು ಊರಿನ, ಒಂದು ಜಾತಿಯ ವಾದ್ಯವಲ್ಲ. ದಕ್ಷಿಣಾದಿ ಸಂಗೀತದ ಕಚೇರಿಗಳಲ್ಲಿ ಇದು ಮೃದಂಗದ ಜೊತೆಗಾರ. ತನಿ ಆವರ್ತನದಲ್ಲಿ ಘಟ, ಖಂಜಿರಗಳಂತೆ ಇದಕ್ಕೂ ಸರದಿ ಬರುತ್ತದೆ. ಕನ್ನಡ ನಾಡಿನಲ್ಲಿ ಈ ವಾದ್ಯಕ್ಕೆ ಮರ್ಯಾದೆ ತಂದುಕೊಟ್ಟವರಲ್ಲಿ ಬೆಂಗಳೂರಿನ ವಿದ್ವಾನ್ ಎಲ್. ಭೀಮಾಚಾರ್ ಅವರ ಹೆಸರು ದೊಡ್ಡದು. ರಾಜಸ್ಥಾನದಲ್ಲಿ ಲಂಗಾ ಗಾಯಕರು ಇದನ್ನೇ ಮೋರ್ಚಂಗ್ ಎಂದು ನುಡಿಸುತ್ತಾರೆ. ಅಸ್ಸಾಮಿನಲ್ಲಿ ಬಿಹು ಹಬ್ಬಕ್ಕೆ ಬಿದಿರಿನಲ್ಲಿ ಮಾಡಿ ಗೊಗೊನಾ ಎನ್ನುತ್ತಾರೆ. ಹಿಮದ ನಾಡಾದ ಸೈಬೀರಿಯದ ಯಾಕುತ್ ಜನಕ್ಕೆ ಇದು ಮನೆದೇವರಷ್ಟು ಪ್ರಿಯ. ಅಲ್ಲಿನ ಯಾಕುತ್ಸ್ಕ್ ಪಟ್ಟಣದಲ್ಲಿ 1990ರಲ್ಲಿ ಇದಕ್ಕೆಂದೇ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಚೀನಾ ದೇಶದ ಶಿಮಾವೊ ಎಂಬ ಹಾಳುಪಟ್ಟಣವನ್ನು ಅಗೆದಾಗ ಎಲುಬಿನಲ್ಲಿ ಮಾಡಿದ ಇಂಥವೇ ವಾದ್ಯಗಳು ಸಿಕ್ಕಿವೆ. ಅವು ಸುಮಾರು 4000 ವರ್ಷ ಹಳೆಯವು. ಅಂದರೆ ಬಹಳ ಹಿಂದೆಯೇ ಮನುಷ್ಯನಿಗೆ ಒಂದು ವಿಷಯ ಹೊಳೆದಿತ್ತು. ಮಾತಾಡುವ ಬಾಯಿಗೆ ಮಾತು ಬಿಟ್ಟು ಬೇರೆ ಕೆಲಸವೂ ಉಂಟು ಎಂಬುದು.

ಕಬ್ಬಿಣದ ಮಾತು ಬಂತು. ಹಲಗೂರಿನಲ್ಲಿ ಕುಳಿತು ಕಬ್ಬಿಣದ ಮಾತು ಆಡುವಾಗ ಒಂದು ಕಥೆಯನ್ನು ನೆನೆಯದಿದ್ದರೆ ಈ ಮಣ್ಣಿಗೆ ಅಪಚಾರ. ಚಿಕ್ಕಲ್ಲೂರು ಜಾತ್ರೆಗೆ ಹೋಗುವ ನಿಮಗೆ ನಾವು ಹೇಳಬೇಕಾಗಿಲ್ಲ. ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿಯ ಕಥೆ ಹಾಡುವಾಗ ಅದರಲ್ಲಿ ಹಲಗೂರಿನ ಸಾಲು ಎಂದೇ ಒಂದು ಭಾಗವುಂಟು. ಗುರುವಿನ ಅಪ್ಪಣೆಯಂತೆ ಸಿದ್ಧಪ್ಪಾಜಿ ಈ ಊರಿಗೆ ಭಿಕ್ಷೆಗೆ ಬಂದ. ಬೇಡಿದ್ದು ಅಕ್ಕಿಯಲ್ಲ, ರಾಗಿಯಲ್ಲ, ಕಬ್ಬಿಣ. ಇಲ್ಲಿನ ಪಾಂಚಾಳರು ಅದನ್ನು ಸುಲಭವಾಗಿ ಕೊಡಲಿಲ್ಲ. ಕಠಿಣವಾದ ಪರೀಕ್ಷೆಗಳನ್ನು ಒಡ್ಡಿದರು. ಎಲ್ಲವನ್ನೂ ಸಹಿಸಿ ಗೆದ್ದ ಮೇಲೆ ಕಬ್ಬಿಣ ದೊರೆಯಿತು. ಇದು ಯಾರನ್ನೂ ದೂರುವ ಕಥೆಯಲ್ಲ. ಕುಲುಮೆಯ ಮುಂದೆ ಬೆಂದವನಿಗೆ ಕಬ್ಬಿಣದ ಬೆಲೆ ಗೊತ್ತು. ಪರೀಕ್ಷಿಸದೆ ಅವನು ಹೇಗೆ ಕೊಟ್ಟಾನು? ಇಲ್ಲಿಗೆ ದೂರವಲ್ಲದ ಚನ್ನಪಟ್ಟಣದಲ್ಲಿಯೂ ಉಕ್ಕಿನ ಕಸುಬಿತ್ತು. ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಬರೆದಾಗ, ಅಲ್ಲಿ ತಂತಿವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರ ವಿಷಯವನ್ನೂ ಬರೆದ. ಗುದ್ದಲಿಯಾಗುವ ಲೋಹವೇ ನಾದವೂ ಆಗುತ್ತದೆ. ಎರಡಕ್ಕೂ ಬೆಂಕಿಯೊಂದೇ, ಪೆಟ್ಟೂ ಒಂದೇ.

ಇನ್ನು ನಾವು ಇದನ್ನು ಕಲಿಯಲು ಹೊರಟ ಕಾರಣ. ಇದನ್ನು ಹೇಳುವುದಕ್ಕೆ ಆ ಹುಡುಗನ ಒಪ್ಪಿಗೆಯನ್ನೂ ಅವನ ಅಜ್ಜಿಯ ಒಪ್ಪಿಗೆಯನ್ನೂ ಪಡೆದಿದ್ದೇವೆ.

12 ವರ್ಷಗಳ ಹಿಂದಿನ ಮಾತು. ಈ ಭಾಗದ ಒಂದು ಹಳ್ಳಿಯ ಅಣ್ಣ ತಮ್ಮಂದಿರಿಬ್ಬರು ನ್ಯಾಯಕ್ಕಾಗಿ ಮಠಕ್ಕೆ ಬಂದರು. ಗದ್ದೆಯ ಭಾಗ, ಕಾಲುವೆ ನೀರಿನ ಪಾಳಿ. ನಿಮಗೆಲ್ಲ ಗೊತ್ತಿರುವ ಜಗಳ. ಅಂದು ನಮಗೆ ಬೆಳಗಿನಿಂದ ಪುರುಸೊತ್ತಿರಲಿಲ್ಲ. ನಾವು ಮಾತಾಡುವಾಗ ಅಣ್ಣನಾದವರು ಎರಡು ಸಲ ನಡುವೆ ಬಾಯಿ ಹಾಕಿದರು. ಮೂರನೆಯ ಸಲ ನಮಗೆ ಸಿಟ್ಟು ಬಂತು. ತುಂಬಿದ ಸಭೆಯಲ್ಲಿ, "ನಿನ್ನಂಥವನ ಕಾಣಿಕೆ ಈ ಮಠಕ್ಕೆ ಬೇಡ, ಈ ಹೊಸ್ತಿಲು ತುಳಿಯಬೇಡ" ಎಂದುಬಿಟ್ಟೆವು. ಆ ಹಿರಿಯರು ಎದುರಾಡಲಿಲ್ಲ. ಕೈಮುಗಿದು, ಮೆಟ್ಟು ಮೆಟ್ಟಿಕೊಂಡು ಹೊರಟುಹೋದರು. ಮತ್ತೆ ಮಠದ ಹೊಸ್ತಿಲು ತುಳಿಯಲೇ ಇಲ್ಲ. ಗುರುವಿನ ಮಾತನ್ನು ಅವರು ಅಕ್ಷರಶಃ ನಡೆಸಿದರು.

ಆದರೆ ಪ್ರತಿ ವರ್ಷ ಒಕ್ಕಣೆ ಮುಗಿದ ಮೇಲೆ ಒಂದು ಮೂಟೆ ರಾಗಿ ಬೇರೆ ಯಾರದೋ ಗಾಡಿಯಲ್ಲಿ ಮಠದ ದಾಸೋಹಕ್ಕೆ ಬರುತ್ತಿತ್ತು. ಹೆಸರು ಹೇಳುತ್ತಿರಲಿಲ್ಲ. ಕೊಟ್ಟಿಗೆಯವರಿಗೆ ಗೊತ್ತಿತ್ತು, ನಮಗೂ ಗೊತ್ತಾಯಿತು. ಒಂದು ಮಾತು ಹೇಳಿ ಕಳುಹಿಸಿದ್ದರೆ ಆ ಜೀವ ಓಡಿ ಬರುತ್ತಿತ್ತು. ಜಾತ್ರೆ ಮುಗಿಯಲಿ ಎಂದೆವು, ಮಳೆಗಾಲ ಕಳೆಯಲಿ ಎಂದೆವು. ಹೀಗೆ ಆರು ವರ್ಷ ಕಳೆಯಿತು. ಆರನೆಯ ವರ್ಷ ರಾಗಿಯ ಮೂಟೆ ಬಂದ ಹತ್ತೇ ದಿನಕ್ಕೆ ಅವರು ಲಿಂಗೈಕ್ಯರಾದ ಸುದ್ದಿ ಬಂತು. ಸಮಾಧಿ ಕಾರ್ಯಕ್ಕೆ ನಾವೇ ಹೋದೆವು. ನಾವು ಹೋಗಿ ಏನು ಪ್ರಯೋಜನ? ಕರೆಯಬೇಕಾದವರನ್ನು ಕರೆಯದೆ, ಹೋದವರ ಮನೆಗೆ ನಾವು ಹೋದಂತಾಯಿತು.

ಎರಡು ವರ್ಷಗಳ ಹಿಂದೆ ವಿದ್ಯಾರ್ಥಿನಿಲಯಕ್ಕೆ ಒಬ್ಬ ಹೊಸ ಹುಡುಗ ಸೇರಿದ. ವಾರಕ್ಕೊಮ್ಮೆ ಮಳವಳ್ಳಿಗೆ ಹೋಗಿ ಮೃದಂಗದ ಪಾಠ ಹೇಳಿಸಿಕೊಳ್ಳುತ್ತಿದ್ದ. ಅವನ ಗುರುಗಳು ಮೋರ್ಚಿಂಗನ್ನೂ ಕಲಿಸಿದ್ದರು. ಒಂದು ಸಂಜೆ ಹುಣಸೆಮರದ ಕೆಳಗೆ ಅದನ್ನು ನುಡಿಸುತ್ತಿದ್ದವನನ್ನು ನಾವು ಕರೆದು, ಇಲ್ಲಿ ಕೊಡು, ಇದರಲ್ಲಿ ಏನಿದೆ ನೋಡೋಣ ಎಂದೆವು. ಹಲ್ಲಿಗೆ ಹಿಡಿದು ಬಲವಾಗಿ ಮೀಟಿದೆವು. ಕಬ್ಬಿಣದ ನಾಲಗೆ ಟಣ್ಣೆಂದು ಮುಂದಿನ ಹಲ್ಲಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಆ ಹುಡುಗ ನಗು ತಡೆದುಕೊಂಡು ಹೇಳಿದ: "ಬುದ್ಧಿ, ಅವುಡು ಕಚ್ಬೇಡಿ. ಹಲ್ಲು ಒಸಿ ಬುಡಿ. ನಾಲ್ಗೆ ಆಡಕ್ಕೆ ಜಾಗ ಬೇಕು." ಯಾವ ಮನೆಯ ಹುಡುಗನಪ್ಪಾ ನೀನು ಎಂದು ವಿಚಾರಿಸಿದೆವು. ಅವನು ಆ ಹಿರಿಯರ ಮೊಮ್ಮಗ. ನಮಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಆಮೇಲೆ ಕೇಳಿದೆವು: "ನಿಮ್ಮ ತಾತ ನಮ್ಮ ವಿಷಯ ಏನು ಹೇಳುತ್ತಿದ್ದರು, ಮಗು?" ಅವನೆಂದ: "ಏನೂ ಯೋಳ್ತಿರ್ಲಿಲ್ಲ ಬುದ್ಧಿ. ಒಕ್ಕಣೆ ದಿವ್ಸ, ಮಠದ್ ರಾಗಿ ಮೊದ್ಲು ಅಳ್ದು ಎತ್ತಿಕ್ಕಿ ಅನ್ನೋರು. ಅಷ್ಟೇಯ."

ಅಂದು ರಾತ್ರಿ ನಿರ್ಧಾರ ಮಾಡಿದೆವು. ಯಾವ ಬಾಯಿ ಆ ಮಾತನ್ನು ಆಡಿತೋ ಆ ಬಾಯಿ ಈ ಹುಡುಗನ ಹತ್ತಿರ ಪಾಠ ಕಲಿಯಲಿ ಎಂದು.

ಪಾಠ ಹೇಗಿತ್ತು ಕೇಳಿ. ಎಡಗೈಯಲ್ಲಿ ಉಂಗುರವನ್ನು ಬಿಗಿಯಾಗಿ ಹಿಡಿಯಬೇಕು. ಕಡ್ಡಿಗಳೆರಡನ್ನೂ ಮುಂದಿನ ಹಲ್ಲುಗಳಿಗೆ ಅಲುಗದಂತೆ ಒತ್ತಬೇಕು. ಮೇಲಿನ ಹಲ್ಲು ಕೆಳಗಿನ ಹಲ್ಲುಗಳ ನಡುವೆ ಸ್ವಲ್ಪ ಸಂದಿ ಬಿಡಬೇಕು. ತುಟಿಗಳು ಕಡ್ಡಿಗಳ ಮೇಲೆ ಮೆಲ್ಲಗೆ ಕುಳಿತಿರಬೇಕು. ಬಲಗೈಯ ತೋರುಬೆರಳಿನಿಂದ ಬಾಗಿದ ತುದಿಯನ್ನು ಮೀಟಬೇಕು. ತೋಳಿನ ಬಲ ಬೇಡ, ಮಣಿಕಟ್ಟಿನ ಆಟ ಸಾಕು. ಮೊದಲ ವಾರ ತುಟಿ ಬಾತುಕೊಂಡಿತು, ಹಲ್ಲು ಜುಮ್ಮೆಂದಿತು, ಜೊಲ್ಲು ಸುರಿಯಿತು. ಸ್ವಾಮಿಗಳು ಟವೆಲು ಹಿಡಿದು ಕುಳಿತದ್ದನ್ನು ನೋಡಿ ನಿಲಯದ ಮಕ್ಕಳು ಕಿಟಕಿಯಲ್ಲಿ ನಕ್ಕರು. ನಗಲಿ ಎಂದು ಬಿಟ್ಟೆವು. ಎರಡನೆಯ ತಿಂಗಳಿಗೆ ನಾದ ಹಿಡಿಯಿತು. ಆಮೇಲೆ ಹುಡುಗ ವಾದ್ಯವನ್ನು ಕಿತ್ತುಕೊಂಡು ಕೆಳಗಿಡಿಸಿದ. ಮೊದಲು ಬಾಯಲ್ಲಿ ಹೇಳಬೇಕು, ಕೈಯಲ್ಲಿ ತಾಳ ಹಾಕಬೇಕು: ತಕಿಟ ಮೂರು, ತಕಧಿಮಿ ನಾಲ್ಕು, ತಕತಕಿಟ ಐದು, ತಕಿಟತಕಧಿಮಿ ಏಳು. ಎಂಟೆಣಿಕೆಯ ಆದಿತಾಳದಲ್ಲಿ ಇವನ್ನು ಕೂಡಿಸಿ ಕಳೆದು ಸರಿಯಾದ ಜಾಗಕ್ಕೆ ಬಂದು ನಿಲ್ಲಬೇಕು. ಬಾಯಲ್ಲಿ ಸ್ವಚ್ಛವಾಗಿ ಬಂದ ಮೇಲೆ ಅದೇ ಜತಿಯನ್ನು ಕಬ್ಬಿಣ ಹಿಡಿದು ಹೇಳಬೇಕು. ಆದರೆ ಗಂಟಲು ಹೊರಡಬಾರದು. ಅಕ್ಷರವನ್ನು ನಾಲಗೆ ಆಡುತ್ತದೆ, ಉಸಿರು ಆಡುತ್ತದೆ. ದನಿ ಮಾತ್ರ ಇಲ್ಲ. ಪ್ರತಿ ಅಕ್ಷರಕ್ಕೂ ಮೀಟುವುದಿಲ್ಲ. ಒಂದು ಮೀಟಿನ ನಾದ ಇಂಗುವುದರೊಳಗೆ ನಾಲಗೆ, ಉಸಿರುಗಳಿಂದಲೇ ಉಳಿದ ಅಕ್ಷರಗಳನ್ನು ಬಿಡಿಸಬೇಕು.

ಈಗ ಇದರ ಗುಟ್ಟನ್ನು ಕೇಳಿ. ಈ ಕಬ್ಬಿಣಕ್ಕೆ ಶ್ರುತಿ ಒಂದೇ. ಬೇಕೆಂದಾಗ ಏರಿಸಲು ಬಿರಡೆಯಿಲ್ಲ, ಇಳಿಸಲು ಕಟ್ಟೆಯಿಲ್ಲ. ನಾಲಗೆಯ ತುದಿಗೆ ಚೂರು ಜೇನುಮೇಣ ಅಂಟಿಸಿದರೆ ಶ್ರುತಿ ಒಂದಿಷ್ಟು ಇಳಿಯುತ್ತದೆ. ತುದಿಯನ್ನು ಅರದಿಂದ ಉಜ್ಜಿದರೆ ಒಂದಿಷ್ಟು ಏರುತ್ತದೆ. ಅಷ್ಟೇ. ಆದುದರಿಂದಲೇ ವಿದ್ವಾಂಸರು ಬೇರೆ ಬೇರೆ ಶ್ರುತಿಯ ಹಲವು ಮೋರ್ಚಿಂಗುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕಚೇರಿಗೆ ಹೋಗುತ್ತಾರೆ. ಹಾಗಾದರೆ ನೀವು ಈಗ ಕೇಳಿದ ಆ ಏರಿಳಿತ, ಆ ಬಗೆಬಗೆಯ ದನಿ ಎಲ್ಲಿಂದ ಬಂತು? ತಾಯಂದಿರೇ, ನೀವು ನಲ್ಲಿಯ ಕೆಳಗೆ ಕೊಡ ಇಟ್ಟಾಗ ಕೇಳಿದ್ದೀರಿ. ಬೀಳುವ ನೀರು ಒಂದೇ ಸಮ. ಕೊಡದ ಒಳಗಿನ ಬಯಲು ಕಿರಿದಾದಂತೆಲ್ಲ ಸದ್ದು ಏರುತ್ತಾ ಹೋಗುತ್ತದೆ. ಇಲ್ಲಿಯೂ ಹಾಗೆಯೇ. ಒಂದು ಮೀಟಿನಲ್ಲಿ ಮೂಲನಾದದ ಜೊತೆಗೆ ಹಲವು ಮೇಲುನಾದಗಳು ಅಡಗಿರುತ್ತವೆ. ಬಾಯಿಯ ಒಳಗಿನ ಬಯಲು ಯಾವ ಆಕಾರ ತಾಳುತ್ತದೆಯೋ ಅದಕ್ಕೆ ಒಪ್ಪುವ ನಾದ ಎದ್ದು ಕೇಳುತ್ತದೆ. ದನಿಯಿಲ್ಲದೆ 'ಊ' ಎಂದು ಬಾಯಿ ಹಿಡಿದರೆ ತಗ್ಗಿನ ನಾದ, 'ಈ' ಎಂದು ಹಿಡಿದರೆ ಮೇಲಿನ ನಾದ. ಕಬ್ಬಿಣದ ನಾಲಗೆ ಕೊಡುವುದು ಒಂದನ್ನೇ. ಅದನ್ನು ಏನು ಮಾಡಬೇಕೆಂಬುದು ಮಾಂಸದ ನಾಲಗೆಗೆ ಬಿಟ್ಟದ್ದು.

ಶರಣಬಂಧುಗಳೇ, ಇದು ತಿಳಿದ ದಿನ ನಮ್ಮ ಮನಸ್ಸಿಗೆ ಒಂದು ಬಗೆಯ ಸಮಾಧಾನವೂ ಭಯವೂ ಒಟ್ಟಿಗೆ ಆದವು. ನಮ್ಮದು ಹುಟ್ಟಿನಿಂದ ಮುಂಗೋಪದ ಸ್ವಭಾವ. ಕಾವಿ ಉಟ್ಟರೂ ಹೋಗಲಿಲ್ಲ, ಪೂಜೆ ಮಾಡಿದರೂ ಪೂರ್ತಿ ಹೋಗಲಿಲ್ಲ. ಮೇಣ ಹಚ್ಚಿದಷ್ಟು, ಅರ ಉಜ್ಜಿದಷ್ಟು ಬದಲಾಗಿರಬಹುದು. ಇದು ನಮ್ಮ ಸ್ವಭಾವ, ಏನು ಮಾಡುವುದು ಎಂದು ನಾವು ನಮಗೇ ಹೇಳಿಕೊಳ್ಳುತ್ತಿದ್ದೆವು. ನೀವೂ ಮನೆಗಳಲ್ಲಿ ಹೇಳಿಕೊಳ್ಳುತ್ತೀರಿ. ಮೋರ್ಚಿಂಗ್ ಆ ನೆಪವನ್ನು ಕಿತ್ತುಕೊಂಡಿತು. ಶ್ರುತಿ ಬದಲಾಗುವುದಿಲ್ಲ ಎಂಬುದು ನಿಜ. ಬಾಯಿಯ ಆಕಾರ ನಿನ್ನ ಕೈಯಲ್ಲಿದೆ ಎಂಬುದೂ ಅಷ್ಟೇ ನಿಜ. ಸಿಟ್ಟು ಬಂದದ್ದು ನಮ್ಮ ಶ್ರುತಿ. ಹೊಸ್ತಿಲು ತುಳಿಯಬೇಡ ಎಂದದ್ದು ನಮ್ಮ ಬಾಯಿ. ಮೊದಲನೆಯದಕ್ಕೆ ಕ್ಷಮೆಯುಂಟು, ಎರಡನೆಯದಕ್ಕೆ ನೆಪವಿಲ್ಲ.

ಇನ್ನೊಂದು ಸಂಗತಿ. ನುಡಿಸಿದ ಮೇಲೆ ಇದನ್ನು ಒಣಬಟ್ಟೆಯಿಂದ ಒರಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಡಬ್ಬಿಯಲ್ಲಿಡಬೇಕು. ನಾಳೆ ಒರಸೋಣ ಎಂದು ಬಿಟ್ಟರೆ ಬಾಯಿಯ ತೇವವೇ ಕಬ್ಬಿಣವನ್ನು ತಿನ್ನುತ್ತದೆ. ಕಳೆದ ಮಳೆಗಾಲದಲ್ಲಿ ಒಮ್ಮೆ ಪ್ರವಾಸದ ಗಡಿಬಿಡಿಯಲ್ಲಿ ಹಾಗೇ ಬಿಟ್ಟು ಹೋದೆವು. ನಾಲ್ಕು ದಿನದ ಮೇಲೆ ತೆಗೆದು ನೋಡಿದರೆ ನಾಲಗೆಯ ಬುಡದಲ್ಲಿ ಕೆಂಪು ತುಕ್ಕು. ಹುಡುಗ ಅದನ್ನು ತಿಕ್ಕಿ ತೆಗೆದ. ಆದರೂ ನಾದದಲ್ಲಿ ಒಂದು ಮಂಕು ಉಳಿಯಿತು. ನಾಲ್ಕು ದಿನಕ್ಕೆ ಕಬ್ಬಿಣದ ಗತಿ ಹೀಗಾದರೆ, ಆರು ವರ್ಷ ಒರಸದೆ ಬಿಟ್ಟ ಮಾತಿನ ಗತಿ ಏನು?

ಕಳೆದ ವರ್ಷ ಆ ಹಿರಿಯರ ಪುಣ್ಯತಿಥಿಯ ದಿನ ನಾವು ಹುಡುಗನ ಜೊತೆ ಅವರ ಮನೆಗೆ ಹೋದೆವು. ಆ ತಾಯಿಯ ಮುಂದೆ ಕುಳಿತು, ಅಂದು ನಮ್ಮ ಬಾಯಿಂದ ತಪ್ಪು ಮಾತು ಬಂತು, ಕ್ಷಮಿಸಬೇಕು ಎಂದು ಬೇಡಿದೆವು. ಪಾದ ಮುಟ್ಟಲು ಬಂದವರು ನಿಂತರು. "ಅವ್ರಿದ್ದಾಗ ಯೋಳ್ಬೇಕಾಗಿತ್ತು ಬುದ್ಧಿ. ಈಗ ನನ್ ತಾವ ಯೋಳಿ ಏನಾದದು? ಮಜ್ಜಿಗೆ ಕುಡೀರಿ" ಎಂದರು. ಕ್ಷಮಿಸಿದೆ ಎನ್ನಲಿಲ್ಲ. ಆ ತಾಯಿ ಸರಿಯಾಗಿಯೇ ಹೇಳಿದರು. ಅವರಿಗೆ ಸಲ್ಲಬೇಕಾದದ್ದನ್ನು ತಾನು ಪಡೆದುಕೊಳ್ಳುವಷ್ಟು ಸುಳ್ಳು ಆ ಮನೆಯಲ್ಲಿ ಇರಲಿಲ್ಲ. ನಾವು ಮಜ್ಜಿಗೆ ಕುಡಿದೆವು. ಆಮೇಲೆ ಹುಡುಗ ತಾಳ ಹಾಕಿದ, ನಾವು ನುಡಿಸಿದೆವು. ಎರಡು ಕಡೆ ತಾಳ ತಪ್ಪಿತು. ಆ ತಾಯಿ ಗೋಡೆಗೆ ಒರಗಿ ಕಡೆಯವರೆಗೂ ಕೇಳಿದರು.

ಆ ಅಣ್ಣ ತಮ್ಮಂದಿರ ಎರಡು ಮನೆಯವರೂ ಇಂದು ಈ ಸಭೆಯಲ್ಲಿದ್ದಾರೆ. ಬೇರೆ ಬೇರೆ ಕಡೆ ಕುಳಿತಿದ್ದಾರೆ. ಒಂದಾಗಿ ಎಂದು ನಾವು ಅಪ್ಪಣೆ ಮಾಡುವುದಿಲ್ಲ. ಅಪ್ಪಣೆ ಮಾಡಿದ ಬಾಯಿಯ ಫಲವನ್ನು ಒಮ್ಮೆ ಕಂಡಿದ್ದೇವೆ. ಆದರೆ ಅವರನ್ನೂ ನಿಮ್ಮೆಲ್ಲರನ್ನೂ ಒಂದು ಭಿಕ್ಷೆ ಕೇಳುತ್ತೇವೆ. ಹಲಗೂರಿಗೆ ಬಂದವರು ಅಕ್ಕಿ ರಾಗಿ ಕೇಳಬಾರದು, ಕಬ್ಬಿಣವನ್ನೇ ಕೇಳಬೇಕು. ಕೊಡುವುದಕ್ಕೆ ಕಷ್ಟವಾದದ್ದನ್ನೇ ಕೇಳಬೇಕು. ನಿಮ್ಮಲ್ಲಿ ಯಾರಾದರೂ ಯಾರಿಗಾದರೂ ಹೇಳಬೇಕಾದ ಒಂದು ಮಾತನ್ನು, ನಾಳೆ ಹೇಳೋಣ ಎಂದು ಬಾಯಲ್ಲಿ ಇಟ್ಟುಕೊಂಡಿದ್ದರೆ, ಈ ಶ್ರಾವಣ ಮುಗಿಯುವುದರೊಳಗೆ ಹೋಗಿ ಹೇಳಿಬಿಡಿ. ಅವರು ಇರುವಾಗ ಹೇಳಿ. ಅವಡು ಕಚ್ಚಬೇಡಿ, ಹಲ್ಲು ಸ್ವಲ್ಪ ಬಿಡಿ, ನಾಲಗೆ ಆಡುವುದಕ್ಕೆ ಜಾಗ ಕೊಡಿ. ಇದು ನಮ್ಮ ಮಾತಲ್ಲ, ನಮಗೆ ಪಾಠ ಹೇಳಿದ ಗುರುವಿನ ಮಾತು.

ಮುಂದಿನ ಸೋಮವಾರ ದಾಸೋಹದ ವಿಚಾರ ಹೇಳುತ್ತೇವೆ ಎಂದೆವು. ಈಗ ನೋಡಿದರೆ, ಹೆಸರಿಲ್ಲದೆ ಬಂದ ಆ ಆರು ಮೂಟೆ ರಾಗಿಯಲ್ಲಿ ಅದರ ಬಹುಭಾಗವನ್ನು ಇಂದೇ ಹೇಳಿದಂತಾಯಿತು.